ಕಾಗೆಯ ಎರಡನೇ ಕಾಲು

ಗೋಪಿ ಸರ್ಕಲ್ಲಿನ ತಂತಿಯ ಮೇಲೆ
ಒಂದು ಕಾಗೆ ಬರೆದೆ. ಒಂದೇ ಕಾಲು;
ಇನ್ನೊಂದಕ್ಕೆ ಮುನ್ನ ಬಸ್ಸು ಬಂತು.
ಹಾಗೇ ಬಿಟ್ಟೆ, ಯಾರಾದರೂ ಮುಗಿಸಲಿ ಎಂದು.

ಬೆಳಗಾಗುವಷ್ಟರಲ್ಲಿ
ಭದ್ರಾವತಿಯ ನಸೀಬಾ ಊರಿದ್ದಳು
ಎರಡನೇ ಕಾಲು: ಕೊಡೆಯ ಕಡ್ಡಿ.
ರಿಪ್ಪನ್‌ಪೇಟೆಯಿಂದ ಯಾರೋ, ಹೆಸರಿಲ್ಲ,
ಕೊಕ್ಕಿಗೆ ಚಕ್ಕುಲಿ ಸಿಕ್ಕಿಸಿದ್ದರು.

ಸಿಟ್ಟು ಬಂತು, ಸುಳ್ಳೇಕೆ.
ನನ್ನ ಕಾಗೆ, ಅಂದೆ.
ಗೋಡೆ ಕೇಳಿಸಿಕೊಂಡಿತು.

ಸಾಗರದ ಲೋಲಾಕ್ಷಿ
ರೆಕ್ಕೆ ತುಂಬ ಹಸೆಯ ಎಳೆ ಎಳೆದು
ಎರಡೇ ಮಾತು ಬರೆದಳು:
"ನಮ್ಮಜ್ಜಿ ಎಳೆದದ್ದಕ್ಕೆ
ನೆರೆಮನೆಯವಳು ಬಂದು ಚುಕ್ಕಿ ಇಡುತ್ತಿದ್ದಳು.
ಇನ್ನೂ ಬೇಕೇ ನಿನಗೆ ಆ ತಂತಿ?"

ಮೂರು ದಿನ ಸುಮ್ಮನಿದ್ದೆ.
ಇವತ್ತು ತಂತಿ ಅಳಿಸಿದೆ.
ಕಾಗೆ ಬೀಳಲಿಲ್ಲ.

ಕೆಳಗೆ ನಾಲ್ಕು ಹೆಸರು, ಇರುವೆ ಸಾಲು;
'ಯಾರೋ' ಎಂಬುದೂ ಒಂದು.