ತಂಗಳು ನೀರು

ಮೊದಲು ಹೋದದ್ದು ಚಟ್ನಿ.
ಕಪ್ಪು ಮೀನು, ಉಬ್ಬುಗಣ್ಣಿನದು.
ಉಪ್ಪಿಟ್ಟು, ಕೇಸರಿಬಾತು ಇದ್ದಮೇಲೆ
ಚಟ್ನಿ ಇರಲೇಬೇಕೆಂದು ಮಗಳು ಇಟ್ಟ ಹೆಸರು.
ರಾತ್ರಿಪಾಳಿ ಮುಗಿಸಿ ಸೈಕಲ್ಲು ಒರಗಿಸುವಾಗ
ಬಾಗಿಲಲ್ಲೇ ನಿಂತಿದ್ದಳು, ಹಲ್ಲುಜ್ಜದೆ,
ಅಂಗೈಯಲ್ಲಿ ಒದ್ದೆ ಕಾಗದದ ಪೊಟ್ಟಣ.

ತುಂಗೆ ನನ್ನ ಕೈಯಡಿ ಹಾದೇ
ಶಿವಮೊಗ್ಗದ ನಲ್ಲಿಗೆ ಇಳಿಯುತ್ತಾಳೆ, ಹತ್ತೊಂಬತ್ತು ವರ್ಷದಿಂದ.
ಆಷಾಢದ ಕೆಂಪಿಗೆ ಆಲಂ ಎಷ್ಟು, ಕ್ಲೋರಿನ್ ಎಷ್ಟು,
ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತೇನೆ.
ಗಾಜಿನ ನಳಿಕೆಗೆ ಒಂದು ಹನಿ ಔಷಧಿ:
ಹಳದಿ ತಿರುಗಿದರೆ ಊರು ಕಣ್ಮುಚ್ಚಿ ಕುಡಿಯಬಹುದು.
ನನ್ನ ಪಾಳಿಯಲ್ಲಿ ಒಂದು ಕಾಮಾಲೆ ಪೈಪು ದಾಟಿಲ್ಲವೆಂದು
ಮದುವೆಮನೆಯ ಪಂಕ್ತಿಯಲ್ಲೂ ಕೊಚ್ಚಿಕೊಂಡವನು.

‘ಊರಿಗೆಲ್ಲಾ ನೀರು ಕೊಡೋರು...’ ಎಂದಳು ಕುಸುಮ.
ಮಿಕ್ಕದ್ದನ್ನು ಕಾಫಿ ಲೋಟ ಕುಕ್ಕಿ ಹೇಳಿದಳು.

ತೊಟ್ಟಿಯ ನೀರೋ, ಕನ್ನಡಿ.
ಹಿಂದಿನ ಗೋಡೆಯ ಕ್ಯಾಲೆಂಡರಿನ ರಾಹುಕಾಲವನ್ನು
ಅದರೊಳಗಿಂದಲೇ ಓದಬಹುದು.
ಭಾನುವಾರವಷ್ಟೇ ತೊಳೆದಿದ್ದೆ,
ಕಲ್ಲು, ಗಾಜು, ಫಿಲ್ಟರಿನ ಸ್ಪಂಜು;
ನಲ್ಲಿಯಡಿ ಹಿಡಿದು ಹಿಂಡಿ ಹಿಂಡಿ
ಕಂದು ಹೋಗಿ ಬಿಳಿ ಬರುವ ತನಕ.

ಗಾಂಧಿ ಬಜಾರಿನ ಜಬೀವುಲ್ಲಾ
ಬಾಟಲಿಯಲ್ಲಿ ಒಯ್ದ ನೀರಿಗೆ ತನ್ನ ಹನಿ ಹಾಕಿದ.
ಹಸಿರು.
ನನಗೆ ಗೊತ್ತಿಲ್ಲದ ಬಣ್ಣ ಅದು, ನಳಿಕೆಯೊಳಗೆ.
‘ಅಮೋನಿಯಾ ಸಾರ್. ಸ್ಪಂಜು ತೊಳೆದ್ರಾ? ನಲ್ಲೀಲಾ?’
ತಲೆಯಾಡಿಸಿದೆ.
‘ಆ ಕಂದು ಲೋಳೆ ಕೊಳೆ ಅಲ್ಲ ಸಾರ್, ಜೀವ.
ಮೀನಿನ ಹೊಲಸನ್ನ ತಿಂದು ಅರಗಿಸೋದೇ ಅದು.
ಕ್ಲೋರಿನ್ ನೀರಲ್ಲಿ ಒಂದೇ ಏಟಿಗೆ ಅಷ್ಟನ್ನೂ ಕೊಂದ್ರಿ.’
ಆಮೇಲೆ, ಚಿಲ್ಲರೆ ಎಣಿಸುತ್ತಾ,
‘ಏನು ಕೆಲಸ ಸಾರ್, ತಮ್ಮದು?’
ನೇತುಹಾಕಿದ ಬಲೆಗಳನ್ನು ನೋಡುತ್ತಾ
‘ಗೌರ್ಮೆಂಟು’ ಎಂದೆ.

ಉಪ್ಪಿಟ್ಟು ನಾಲ್ಕನೇ ದಿನ.
ಕಿವಿರು ಕೆಂಡವಾಗಿ, ನೀರಿನ ಮೇಲಂಚಿಗೆ ತುಟಿ ಹಚ್ಚಿ
ಗಾಳಿಯನ್ನು ಕೈಸಾಲ ಕೇಳುವ ಹಾಗೆ ಕೇಳಿ ಕೇಳಿ.

ಉಳಿದ ಒಂದಕ್ಕೆ ಪಥ್ಯ:
ಚಿಟಿಕೆ ಕಲ್ಲುಪ್ಪು, ಉಪವಾಸ,
ದಿನಕ್ಕೆ ಕಾಲುಭಾಗ ಹೊಸ ನೀರು,
ಹೊಸದೆಂದರೆ ಹಳೆಯದು. ಒಂದು ರಾತ್ರಿ ಬಯಲಲ್ಲಿ
ಬಾಯ್ತೆರೆದು ಮಲಗಿ ನನ್ನ ಮದ್ದನ್ನು ಮರೆತ ನೀರು.
ಸಂಜೆ ನೀರು ಬಿಟ್ಟಾಗ ನೀಲಿ ಡ್ರಮ್ಮನ್ನು ಬಾಗಿಲಿಗೆಳೆದು
ಕಂಠಮಟ್ಟ ತುಂಬಿಸಿದೆ.

ಎದುರುಮನೆಯ ಫ್ಲೋರಾಬಾಯಿ ನೋಡಿದರು.
‘ನೀರಿನ ಹಾಲೇಶಪ್ಪನ ಮನೇಲೇ ಡ್ರಮ್ಮು ತುಂಬ್ತಿದಾರೆ ಕಣ್ರೇ,
ನಾಳೆ ನೀರಿಲ್ಲ!’
ಅಷ್ಟೇ. ಸೀಗೆಹಟ್ಟಿಯ ನಮ್ಮ ಓಣಿಯಲ್ಲಿ
ಕೊಡ, ಬಕೆಟ್ಟು, ಇಡ್ಲಿಪಾತ್ರೆ, ಕೂಸಿನ ಟಬ್ಬು,
ಯಾರದೋ ಮದುವೆಗೆ ತಂದು ಹಿಂತಿರುಗಿಸದ ಕೊಳಗ,
ಎಲ್ಲ ಹೊರಗೆ ಬಂದವು, ಎಲ್ಲ ತುಂಬಿದವು.
ಅಲ್ಲ, ಇದು ಮೀನಿಗೆ ಎನ್ನಲು ಬಾಯಿ ತೆರೆದೆ.
ಯಾರು ನಂಬುತ್ತಾರೆ?

ಒಂಬತ್ತೂವರೆಗೆ ಪಾಳಿಗೆ ಹೊರಟಾಗ
ಜಗಲಿ ಜಗಲಿಯ ಮೇಲೆ ತುಂಬಿ ನಿಂತ ಪಾತ್ರೆ,
ಒಂದೊಂದರಲ್ಲೂ ಒಂದೊಂದು ಬೀದಿದೀಪ.
ಸದ್ದಿಲ್ಲದೆ ಹಾರಿಹೋಗುತ್ತಿತ್ತು ನಾನು ಹಾಕಿದ್ದು.
ಬೆಳಗಾಗುವುದರೊಳಗೆ
ಫ್ಲೋರಾಬಾಯಿಯ ಇಡ್ಲಿಪಾತ್ರೆಯಲ್ಲೂ
ಒಂದು ಕೇಸರಿಬಾತು ಬದುಕಬಹುದಾಗಿತ್ತು.

ಎರಡು ಗಂಟೆಗೆ, ಪ್ಲಾಂಟಿನಲ್ಲಿ, ನಳಿಕೆ ಎತ್ತಿ ಹಿಡಿದೆ.
ಹಳದಿ. ಸರಿ ಇತ್ತು. ಪುಸ್ತಕದಲ್ಲಿ ಬರೆದೆ.
ಕೈ ತೊಳೆಯುವ ಮುಂಚೆ, ಯಾಕೋ, ಮೂಸಿ ನೋಡಿದೆ.

ಮರುದಿನ ನೀರು ಬಂತು. ಓಣಿ ನನ್ನನ್ನು ಬೈಯಿತು.
ಒಳಗೆ ಮಗಳು ಒಂದೇ ಒಂದು ಕಾಳು ಹಾಕಿದಳು.
ಬಾಲದಂಚು ಚಿಂದಿಯಾದ ಮೀನು
ಅದನ್ನು ಬಾಯಿಗೆ ತಗೊಂಡಿತು,
ಉಗುಳಿತು,
ಸುತ್ತು ಬಂದು ಮತ್ತೆ ತಗೊಂಡಿತು.