ಬಾಂದುಕಲ್ಲು

ಜಿಲ್ಲೆಯ ನಕ್ಷೆ ಬರೆಯಿರಿ ಎಂದರೆ
ಏಳನೇ ಕ್ಲಾಸಿನವರು ಪಾವಗಡವನ್ನು ಬೇರೆಯೇ ಬರೆದು ತರುತ್ತಾರೆ,
ಅಂಗಿಯಿಂದ ಕಿತ್ತುಬಂದ ಗುಂಡಿ,
ಚಳ್ಳಕೆರೆಯ ಕಡೆಗೊಂದು ದಾರ.
ತಪ್ಪೆಂದು ಹೇಗೆ ಗೀಚಲಿ?
ತುಮಕೂರಿನ ಬಸ್ಸು ಆಂಧ್ರದೊಳಗೆ ಒಂದು ತೂಕಡಿಕೆಯಷ್ಟು ಓಡಿ
ಮತ್ತೆ ನಮ್ಮಲ್ಲಿಗೆ ಬರುತ್ತದೆ.
ಉತ್ತರ ಪಿನಾಕಿನಿಯೂ, ನೀರಿದ್ದ ವರ್ಷ,
ನಾಗಲಮಡಿಕೆಯಲ್ಲಿ ಮುಖ ತೋರಿಸಿ
ಆಚೆಗೆ ನಡೆದುಬಿಡುತ್ತಾಳೆ.

ನಿಡುಗಲ್ಲಿನ ಅರಸರ ಕಾಲಕ್ಕೆ ಎಲ್ಲೆ ಸುಲಭ:
ಮೂಡಲು ಹುತ್ತ, ತೆಂಕಲು ಹಳ್ಳ, ಪಡುವಲು ಒಂಟಿ ಹುಣಸೆ.
ಹುತ್ತ ಕರಗಿತು. ಹಳ್ಳ ಮಗ್ಗುಲು ಬದಲಿಸಿತು.
ಹುಣಸೆ ಯಾರದೋ ಮದುವೆಯ ಒಲೆಗೆ ಹೋಯಿತು.

ಆಮೇಲೆ ಬಂತು ಸರಪಳಿ, ಮೂವತ್ತಮೂರು ಅಡಿ, ಹದಿನಾರು ಆಣೆ.
ಅದರ ತುದಿ ಹಿಡಿದವನು ನಮ್ಮ ತಾತ ಚಿಟ್ಟೋಬಯ್ಯ,
ಎಣಿಸುವುದು ಕನ್ನಡದಲ್ಲಿ, ಮುಳ್ಳು ಚುಚ್ಚಿದರೆ ತೆಲುಗು.
ಸಂಜೆಗೆ ಗಾಡಿಯಲ್ಲಿ ಕಲ್ಲೊಂದು ಮಿಕ್ಕಿತಂತೆ.
ಎಲ್ಲಿ ನೆಡದೆ ಬಿಟ್ಟರೋ,
ಸಾಹೇಬರು ಊಟಕ್ಕೆ ಹೋಗಿದ್ದರು.

ಮೊನ್ನೆ ತಿರುಮಣಿಯ ಕಡೆ, ಸೋಲಾರ್ ಹಲಗೆಗಳು ಬಿಸಿಲು ಕುಡಿಯುವಲ್ಲಿ,
ಎರಡೂ ರಾಜ್ಯದವರು ಉಪಗ್ರಹವನ್ನು ಕೇಳಿ ಕೇಳಿ
ಗಡಿಕಲ್ಲು ಹುಡುಕುತ್ತಿದ್ದರು.
"ಮೇಷ್ಟ್ರೇ, ನೀವು ಹಳಬರು, ಗೊತ್ತಾ?"
ಟೀ ಕೊಡಿಸಿದೆ. ತಿಳಿಯದು ಅಂದೆ.

ನಮ್ಮ ಬಚ್ಚಲಲ್ಲಿ
ಅಜ್ಜಿ ಬಟ್ಟೆ ಒಗೆಯುತ್ತಿದ್ದ ಕಲ್ಲಿನ ನೆತ್ತಿಯ ಮೇಲೆ
ಕೂಡುವ ಲೆಕ್ಕದ ಗುರುತೊಂದಿದೆ,
ಅರ್ಧ ಸವೆದಿದೆ.
ಈಗ ಹೆಂಡತಿ ಅಲ್ಲಿ ಸೋಪಿನ ಡಬ್ಬಿ ಇಡುತ್ತಾಳೆ,
ಒಮ್ಮೆ ಗೀರಿನ ಈ ಕಡೆ,
ಒಮ್ಮೆ ಆ ಕಡೆ.