ರೀಟಚ್

ಗಲ್ಲದ ಕೆಳಗಿಂದ ಎತ್ತಿ ನೆತ್ತಿಗೆ ಬಿಗಿದ ಪಟ್ಟಿ.
ಅವ್ವ ವಸ್ತ್ರ ಕಟ್ಟುತ್ತಿದ್ದಳು, ಗಂಟು ಹಿಂದಕ್ಕೆ,
ಮುಖವನ್ನು ಅದರ ಪಾಡಿಗೆ ಬಿಟ್ಟು.
ಇದು ಬಿಡುವುದಿಲ್ಲ. ಆಕಳಿಸಲಿಕ್ಕೂ
ಅಪ್ಪಣೆ ಕೇಳಬೇಕು.

ವಿರಾಜಪೇಟೆಗೆ ಹೇಳಿದ್ದು: ಮೈಸೂರಲ್ಲಿ ಕಿವಿ ಆಪರೇಷನ್.
ಪೂರ್ತಿ ಸುಳ್ಳಲ್ಲ, ಹೊಲಿಗೆ ಇರುವುದು
ಕಿವಿಯ ಮುಂದೆ, ಕಿವಿಯ ಹಿಂದೆ,
ಅಲ್ಲಿಂದ ಕೂದಲೊಳಗೆ ನುಗ್ಗಿ ಕಾಣೆ.
ಅಂದಿನಿಂದ ಊರೆಲ್ಲ ನನ್ನ ಹತ್ತಿರ ಕೂಗಿ ಮಾತಾಡುತ್ತದೆ.
ಹಾಲಿನ ಬೆಳ್ಯಪ್ಪ ಮೆಟ್ಟಿಲ ಬುಡದಿಂದಲೇ
‘ಅರ್ಧ ಲೀಟರೋ, ಒಂದೋ!’
ನಾನು ಕಿಟಕಿಯಿಂದ ಬೆರಳು ಎತ್ತಿ ತೋರಿಸುತ್ತೇನೆ.

ಮೂರು ದಿಂಬಿಗೆ ಒರಗಿ, ಕೂತಂತೆ ಮಲಗಿ
ಎಷ್ಟು ರಾತ್ರಿ. ಪಕ್ಕಕ್ಕೆ ಹೊರಳುವಂತಿಲ್ಲ.
ಪಾಪುಟ್ಟನ್ನು ಹಾಲಲ್ಲಿ ಕಿವುಚಿ, ಚಮಚ ಓರೆ ಹಿಡಿದು
ಕೆಳಗಿನ ಅಂಗಡಿಯ ಬೀಪಾತು ತಿನ್ನಿಸುತ್ತಾಳೆ.
ರವಿಕೆ ಹೊಲಿಯುವವಳು. ಗುಟ್ಟು ಅವಳೊಬ್ಬಳಿಗೇ ಗೊತ್ತು.
ಮೊದಲ ದಿನವೇ ಕನ್ನಡಕ ಏರಿಸಿ, ಟಾರ್ಚ್ ಹಿಡಿದು ನೋಡಿದಳು:
‘ಕೈ ಚೆನ್ನಾಗಿದೆ ಬೊಳ್ಳಕ್ಕಾ, ಟಾಕು ಒಂದೇ ಅಳತೆ.
ಎಡಗಡೆ ಮಾತ್ರ ತುಸು ನೆರಿಗೆ ಹಿಡಿದಿದ್ದಾನೆ.
ನಾನಾದರೆ ಬಿಚ್ಚಿ ಹಾಕುತ್ತಿದ್ದೆ.’
ನಗಿಸಬೇಡ ಮಾರಾಯ್ತಿ, ನಕ್ಕರೆ ಎಳೆಯುತ್ತದೆ.

ಬಣ್ಣ ಇಳಿಯುತ್ತಿದೆ, ಮುಖದಿಂದ ಕತ್ತಿಗೆ, ಕತ್ತಿನಿಂದ ಎದೆಗೆ.
ಮೊದಲು ಕಾಚಂಪುಳಿ, ಈಗ
ನಮ್ಮ ಕಿತ್ತಳೆಯ ಹಾಗೆ ಒಂದು ಕೆನ್ನೆ ಹಸಿರು, ಒಂದು ಹಳದಿ.
ಆದರೆ ಆ ಕಿತ್ತಳೆಯ ಸಿಪ್ಪೆ ತೊಳೆಗೆ ಅಂಟಿರುವುದಿಲ್ಲ,
ಬೆರಳು ಹಾಕಿದರೆ ಸಾಕು, ಬಂದುಬಿಡುತ್ತದೆ.
ಸಡಿಲ ಎಂದೇ ಅದಕ್ಕೆ ಬೆಲೆ.
ಇದನ್ನು ನಾನು ಐವತ್ತೊಂಬತ್ತರಲ್ಲಿ,
ದುಡ್ಡು ಕಟ್ಟಿದ ಮೇಲೆ ಯೋಚಿಸಿದೆ.

ದುಡ್ಡು ಸ್ಟುಡಿಯೋದ್ದು. ಜಾಗ ಬಿಟ್ಟುಕೊಟ್ಟಾಗ ಬಂದ ಪಗಡಿ.
ಮೂವತ್ತೊಂದು ವರ್ಷ ಗಡಿಯಾರ ಕಂಬದ ಹಿಂದಿನ ಓಣಿಯಲ್ಲಿ
ಪರರ ಸುಕ್ಕು ಅಳಿಸಿದವಳು ನಾನು.
ಕೊನೆಕೊನೆಗೆ ಮೌಸಿನಲ್ಲಿ; ಅದು ಲೆಕ್ಕಕ್ಕಿಲ್ಲ.
ನೆಗೆಟಿವ್‌ನಲ್ಲಿ ಸುಕ್ಕೆಂದರೆ ಬರೀ ಬೆಳಕಿನ ಗೆರೆ.
ಸೀಸದಕಡ್ಡಿಯನ್ನು ಸೂಜಿಯಷ್ಟು ಚೂಪು ಮಾಡಿ
ಉಸಿರು ಬಿಗಿಹಿಡಿದು ತುಂಬಬೇಕು,
ಅತ್ತ ಕಾಗದದ ಮೇಲೆ ಹತ್ತು ವರ್ಷ ಹೋಗುತ್ತದೆ.
ಯಾರಿಗೂ ರಕ್ತ ಬರಲಿಲ್ಲ.
ಯಾರ ಕಿವಿಯೂ ಮರಗಟ್ಟಲಿಲ್ಲ.

ಒಬ್ಬಳು ಮಾತ್ರ, ಬಿಟ್ಟಂಗಾಲದ ಕಡೆಯವಳು,
ಗಂಡನ ಮಾದಕ್ಕೆಂದು ಫೋಟೋ ದೊಡ್ಡದು ಮಾಡಿಸಿದವಳು,
ಕವರು ಬಿಚ್ಚಿ ತುಂಬಾ ಹೊತ್ತು ನೋಡಿ
‘ಇದ್ಯಾರು?’ ಎಂದಳು.
ಸಿಟ್ಟಿರಲಿಲ್ಲ. ನಿಜವಾಗಿ ಕೇಳಿದ್ದು.
ಹುಬ್ಬಿನ ನಡುವಿನ ಎರಡು ಗೆರೆ ನಾನು ತೆಗೆದಿದ್ದೆ,
ಅವ ಅವಳನ್ನು ಬೈಯುತ್ತಿದ್ದುದೇ ಅವುಗಳಿಂದ.
ಅಂದು ಸಂಜೆ ಕೂತು ಒಂದೊಂದೇ ವಾಪಸು ಬರೆದುಕೊಟ್ಟೆ,
ಕುಂಚದ ಒಂದೇ ಕೂದಲಿನಲ್ಲಿ.
ಹಣ ತಗೊಳ್ಳಲಿಲ್ಲ.

ಮೊನ್ನೆ ಹೊಲಿಗೆ ತೆಗೆದರು. ಕನ್ನಡಿಯಲ್ಲಿ
ನನ್ನಷ್ಟೇ ಗಾಬರಿಯಾದ ಯಾರೋ.
ಚೆನ್ನಾಗಿದ್ದಾಳೆ, ಅದನ್ನು ಹೇಳಲೇಬೇಕು.
ಗಲ್ಲಕ್ಕೆ ಮತ್ತೆ ಅಂಚು ಬಂದಿದೆ,
ಅವ್ವನ ಜೋಲು ಕೆನ್ನೆ ಇಲ್ಲ;
ಅಷ್ಟರಮಟ್ಟಿಗೆ ಅವ್ವನೂ ಇಲ್ಲ.
ಖುಷಿಯಾಯಿತು. ಆಮೇಲೆ ಅಡುಗೆಮನೆಗೆ ಹೋಗಿ
ಸುಮ್ಮನೆ ನಲ್ಲಿ ಬಿಟ್ಟು ನಿಂತೆ.

ಬೀಪಾತು ಓಲೆ ತೊಡಿಸಿದಳು. ತಿರುಪು ತಿರುಗಿದ್ದು
ಸದ್ದಿನಿಂದ ಗೊತ್ತಾಯಿತು, ಚರ್ಮದಿಂದಲ್ಲ.
ಆರು ತಿಂಗಳು ಬೇಕಂತೆ ಹಾಲೆಗೆ ಜೀವ ಬರಲು.

ಕೊಡೆ ಬಿಚ್ಚಿ ಬಿಸಿಲಿಗೆ ಇಳಿದೆ.
ಅಂಗಡಿ ಮುಂದೆ ಚಾಪೆ ತುಂಬ ಮೆಣಸು,
ಒಣಗಿ ಒಣಗಿ ಸುಕ್ಕಾಗಿ, ಈಗಷ್ಟೇ ಖಾರ.
ಬೆಳ್ಯಪ್ಪ ಕ್ಯಾನು ಕೆಳಗಿಟ್ಟು ನನ್ನನ್ನೇ ನೋಡಿದ,
ಏನೋ ಬದಲಾಗಿದೆ, ಏನೆಂದು ಸಿಗಲಿಲ್ಲ ಅವನಿಗೆ.
‘ಈಗ ಕೇಳ್ತದಾ ಅಕ್ಕಾ?’ ಕೂಗಿದ.
ಕೇಳ್ತದೆ ಬೆಳ್ಯಪ್ಪ, ಎಲ್ಲ ಕೇಳ್ತದೆ.
ಯಾರಾದರೂ ಮುಟ್ಟಿದರೆ ಮಾತ್ರ
ಇನ್ನೂ ತಿಳಿಯುವುದಿಲ್ಲ.